ಹೂಂ ಅನ್ನುವ ಉತ್ತರ

ಕಳೆದ ಮಳೆಗಾಲದಲ್ಲಿ ನನಗೊಂದು ಅನುವಾದದ ಕೆಲಸ ಬಂತು. ಮಹಿಳೆಯರ ಆರೋಗ್ಯದ ಒಂದು ಅಧ್ಯಯನಕ್ಕಾಗಿ ಇಂಗ್ಲಿಷ್ ಪ್ರಶ್ನಾವಳಿಯೊಂದನ್ನು ಕನ್ನಡಕ್ಕೆ ತರಬೇಕಿತ್ತು. ಹೈದರಾಬಾದಿನಲ್ಲಿ ಕೂತು ಕನ್ನಡದ ಕೆಲಸವಾ ಎಂದು ಕೇಳುವವರು ಈಗಲೂ ಸಿಗುತ್ತಾರೆ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರಿಗೆ ಇದೇ ರಾಜಧಾನಿಯಾಗಿತ್ತು. ಓದಲು, ನೌಕರಿಗೆ ಎಂದು ಬಂದು ಕಾಚಿಗೂಡದಲ್ಲಿ ನೆಲೆ ನಿಂತ ಕನ್ನಡದ ಮನೆತನಗಳಿವೆ. ಕಟ್ಟಡದ ಕೆಲಸಕ್ಕೆ, ಮನೆಗೆಲಸಕ್ಕೆ ಎಂದು ಯಾದಗಿರಿ, ರಾಯಚೂರು ಕಡೆಯಿಂದ ಈಗಲೂ ಬರುತ್ತಿರುವ ಸಂಸಾರಗಳಿವೆ. ಈ ಅಧ್ಯಯನದವರಿಗೆ ಬೇಕಾಗಿದ್ದುದು ಅಂಥ ಹೆಂಗಸರ ಮಾತು.

ಇಂಥ ಕೆಲಸಕ್ಕೆ ಒಂದು ಕ್ರಮವಿದೆ. ಒಬ್ಬರು ಕನ್ನಡಕ್ಕೆ ಅನುವಾದಿಸುತ್ತಾರೆ. ಇನ್ನೊಬ್ಬರು ಮೂಲವನ್ನು ನೋಡದೆ ಆ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ. ಎರಡು ಇಂಗ್ಲಿಷ್‌ಗಳನ್ನು ಪಕ್ಕಪಕ್ಕ ಇಟ್ಟು ಎಲ್ಲಿ ಅರ್ಥ ಜಾರಿದೆ ಎಂದು ನೋಡುತ್ತಾರೆ. ಆಮೇಲೆ ನಾಲ್ಕಾರು ಜನರಿಗೆ ಪ್ರಶ್ನೆಗಳನ್ನು ಓದಿ ಹೇಳಿ, ಅವರಿಗೆ ಅದು ಏನೆಂದು ಅರ್ಥವಾಯಿತು ಅಂತ ವಿಚಾರಿಸುತ್ತಾರೆ. ನನ್ನ ಕನ್ನಡ ಮೊದಲ ಪರೀಕ್ಷೆಯಲ್ಲಿ ಪಾಸಾಯಿತು, ಎರಡನೆಯದರಲ್ಲಿ ತೊಡಕಿಗೆ ಸಿಕ್ಕಿತು.

ಪ್ರಶ್ನೆ ಇಷ್ಟೇ: ಕಳೆದ ನಾಲ್ಕು ವಾರಗಳಲ್ಲಿ ನಿಮ್ಮ ಸಂಗಾತಿಯೊಂದಿಗಿನ ಲೈಂಗಿಕ ಸಂಬಂಧ ನಿಮಗೆ ಎಷ್ಟು ತೃಪ್ತಿ ಕೊಟ್ಟಿದೆ? ಒಂದು ಎಂದರೆ ಏನೂ ಇಲ್ಲ, ಐದು ಎಂದರೆ ತುಂಬಾ. ನಾನು ಓದಿ ಹೇಳಿದ ಹೆಂಗಸಿಗೆ ನಲವತ್ತರ ಆಸುಪಾಸು. ರಾಯಚೂರು ಜಿಲ್ಲೆಯವರು, ಎರಡು ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸ ಮಾಡುತ್ತಾರೆ. ಗುರುತು ಸಿಗಬಾರದೆಂದು ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಅವರು ಯೋಚಿಸಲೇ ಇಲ್ಲ.

"ಐದ್ ಬರ್ಕೋರಿ ಅಕ್ಕಾರ."

"ಯಾಕೆ ಐದು?"

"ಕುಡಿಯಂಗಿಲ್ಲ, ಬಡಿಯಂಗಿಲ್ಲ. ಮೈಯಾಗ ಹುಷಾರಿಲ್ಲಂದ್ರ ಸುಮ್ನ ಆ ಕಡಿ ತಿರುಗಿ ಮಲಗ್ತಾನ. ಇನ್ನೇನ್ ಬೇಕ್ರಿ?"

"ಆ ಹೊತ್ತಲ್ಲಿ ನಿಮಗೆ ಸುಖ ಅನ್ನಿಸುತ್ತಾ?"

ಅವರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. "ಅದನ್ನ ನೀವು ಕೇಳ್ಲೇ ಇಲ್ಲಲ್ರಿ."

ನಿಜ, ನಾನು ಕೇಳಿರಲಿಲ್ಲ. ನಾನು ಕೇಳಿದ್ದು ತೃಪ್ತಿಯನ್ನು. ಅವರು ತೃಪ್ತಿಯ ಪ್ರಶ್ನೆಗೆ ಪ್ರಾಮಾಣಿಕವಾಗಿಯೇ ಉತ್ತರ ಕೊಟ್ಟಿದ್ದರು.

ಆ ರಾತ್ರಿ ಮನೆಗೆ ಬಂದು ಅದೇ ಹಾಳೆಯನ್ನು ನನಗೆ ನಾನೇ ಓದಿಕೊಂಡೆ. ಭಾಷಾವಿಜ್ಞಾನದಲ್ಲಿ ಎಂಎ ಮಾಡಿದ್ದೇನೆ, ಪದಕ್ಕಿಷ್ಟು ಎಂದು ದುಡ್ಡು ತೆಗೆದುಕೊಂಡು ಪದಗಳನ್ನು ತೂಗುತ್ತೇನೆ, ಮದುವೆಯಾಗಿ ಆರು ವರ್ಷವಾಗಿದೆ. ನಾಲ್ಕು ಎಂದು ಗುರುತು ಹಾಕಿದೆ. ಆ ನಾಲ್ಕು ಯಾವುದರ ಲೆಕ್ಕ ಎಂದು ನನಗೇ ಹೇಳಿಕೊಳ್ಳಲು ಹೋದರೆ, ನನ್ನ ಬಾಯಲ್ಲೂ ಆ ಹೆಂಗಸಿನ ಮಾತೇ ಬಂತು. ಒಳ್ಳೆಯವನು. ಒತ್ತಾಯ ಮಾಡುವುದಿಲ್ಲ. ಅವನಿಗೆ ಖುಷಿಯಾಗಿರುತ್ತದೆ. ನನ್ನ ಸುಖ ಎಲ್ಲಿ ಎಂದು ಹುಡುಕಿದರೆ ಆ ಪಟ್ಟಿಯಲ್ಲಿ ಅದು ಇರಲೇ ಇಲ್ಲ.

ಇದು ನಮ್ಮಿಬ್ಬರ ಕಥೆ ಮಾತ್ರವಲ್ಲ ಎಂದು ಆಮೇಲೆ ಓದಿ ತಿಳಿಯಿತು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಸಾರಾ ಮೆಕ್‌ಕ್ಲೆಲಂಡ್ ಇದೇ ಅಳತೆಗೋಲಿನ ಬಗ್ಗೆ ಕೆಲಸ ಮಾಡಿದ್ದಾರೆ. ಲೈಂಗಿಕ ತೃಪ್ತಿಯ ಅಳತೆಯಲ್ಲಿ ತೀರಾ ಕೆಳಗಿನ ಅಂಕ ಎಂದರೆ ನಿಮ್ಮ ಮಟ್ಟಿಗೆ ಏನು ಎಂದು ಅವರು ಜನರನ್ನು ಕೇಳಿದರು. ಗಂಡಸರು ಹೇಳಿದ್ದು ಹೆಚ್ಚಾಗಿ ಸಪ್ಪೆಯಾದ, ಅಷ್ಟೇನೂ ಸುಖವಿಲ್ಲದ ಅನುಭವವನ್ನು. ಹೆಂಗಸರು ಹೇಳಿದ್ದು ನೋವನ್ನು, ಅವಮಾನವನ್ನು, ಖಿನ್ನತೆಯನ್ನು. ಎಂದರೆ ಇಬ್ಬರ ಸೊನ್ನೆ ಒಂದೇ ಕಡೆ ಇಲ್ಲ. ನೋವಾಗದೆ ಇದ್ದರೆ ಹೆಣ್ಣು ಅಷ್ಟು ಹೊತ್ತಿಗಾಗಲೇ ಅರ್ಧ ಮೆಟ್ಟಿಲು ಹತ್ತಿಬಿಟ್ಟಿರುತ್ತಾಳೆ. ಸಂಗಾತಿಗೆ ತೃಪ್ತಿಯಾಯಿತು ಎಂಬುದನ್ನೇ ತನ್ನ ತೃಪ್ತಿ ಎಂದು ಎಣಿಸುವ ಹೆಂಗಸರೂ ಅವರಿಗೆ ಸಿಕ್ಕಿದರು. ಗಂಡ ಹೆಂಡತಿ ಇಬ್ಬರೂ ನಾಲ್ಕು ಎಂದು ಬರೆದರೆ ದಾಂಪತ್ಯ ಸಮವಾಗಿದೆ ಎಂದು ನಾವು ಅಂದುಕೊಳ್ಳುತ್ತೇವೆ. ಆ ಎರಡು ನಾಲ್ಕುಗಳ ನಡುವೆ ಎಷ್ಟು ಅಂತರವಿದೆಯೋ ಅಂಕಿ ಹೇಳುವುದಿಲ್ಲ.

ನಾನು ವೈದ್ಯಳಲ್ಲ. ನನಗೆ ಗೊತ್ತಿರುವುದು ಭಾಷೆ, ಹಾಗಾಗಿ ಭಾಷೆಯ ಕಡೆಯಿಂದಲೇ ಬರುತ್ತೇನೆ.

ತೃಪ್ತಿ ಎಂಬ ಪದ ಕನ್ನಡದಲ್ಲಿ ಹೆಚ್ಚಾಗಿ ಓಡಾಡುವುದು ಎರಡು ಕಡೆ. ಒಂದು, ಊಟದ ಎಲೆಯ ಮುಂದೆ. ಬಡಿಸುವವರು ಇನ್ನೂ ಸ್ವಲ್ಪ ಎಂದಾಗ "ಬೇಡ, ತೃಪ್ತಿಯಾಯ್ತು" ಎನ್ನುತ್ತೇವೆ. ಅಡುಗೆ ಹೇಗೇ ಇರಲಿ, ಮನೆಯವರ ಮುಖ ನೋಡಿ ಹೇಳುವ ಮಾತು ಅದು. ಇನ್ನೊಂದು, ಹಿರಿಯರ ಬುದ್ಧಿಮಾತಿನಲ್ಲಿ. ಇದ್ದುದರಲ್ಲಿ ತೃಪ್ತಿಪಡಬೇಕು ಎಂದು ಹೇಳಿಸಿಕೊಳ್ಳದೆ ಬೆಳೆದ ಹೆಣ್ಣುಮಕ್ಕಳು ನಮ್ಮಲ್ಲಿ ಕಡಿಮೆ. ಎರಡೂ ಕಡೆ ತೃಪ್ತಿ ಎಂದರೆ ಸುಖವಲ್ಲ. ಮೊದಲನೆಯದು ಮರ್ಯಾದೆ, ಎರಡನೆಯದು ಸದ್ಗುಣ. ಇಂಥ ಪದದಲ್ಲಿ ಒಬ್ಬ ಹೆಂಗಸಿನ ಮೈಯ ಸುಖವನ್ನು ಕೇಳಿದರೆ ಅವಳು ತನ್ನ ಮರ್ಯಾದೆಯನ್ನೂ ಸದ್ಗುಣವನ್ನೂ ಉತ್ತರವಾಗಿ ಕೊಡುತ್ತಾಳೆ.

ಮೈಯೊಳಗೆ, ಮನಸ್ಸಿನೊಳಗೆ ಆಗುವುದನ್ನು ಹೇಳಲು ಕನ್ನಡ ಚತುರ್ಥಿ ವಿಭಕ್ತಿಯನ್ನು ಬಳಸುತ್ತದೆ. ನನಗೆ ಹಸಿವಾಯಿತು, ನನಗೆ ಸಿಟ್ಟು ಬಂತು, ನನಗೆ ಖುಷಿಯಾಯಿತು. ಆಗುವುದು ನನಗೆ, ಆಗಿದೆಯೋ ಇಲ್ಲವೋ ಹೇಳಬೇಕಾದವಳು ನಾನು. ಹಾಸಿಗೆಯ ವಿಷಯಕ್ಕೆ ಬಂದ ಕೂಡಲೇ ನಮ್ಮ ಪತ್ರಿಕೆಗಳ ಸಲಹೆಯ ಅಂಕಣಗಳಲ್ಲಿ ಈ ವಾಕ್ಯ ಬದಲಾಗುತ್ತದೆ. ಹೆಂಡತಿಯನ್ನು ತೃಪ್ತಿಪಡಿಸುವುದು ಹೇಗೆ, ನನ್ನಿಂದ ಅವಳನ್ನು ತೃಪ್ತಿಪಡಿಸಲು ಆಗುತ್ತಿಲ್ಲ. ಈಗ ಕರ್ತೃ ಗಂಡಸು, ಹೆಂಗಸು ಕರ್ಮ. ತೃಪ್ತಿ ಅವಳಿಗೆ ಆಗುವ ಸಂಗತಿಯಾಗಿ ಉಳಿಯದೆ ಅವನು ಮಾಡಬೇಕಾದ ಕೆಲಸವಾಗುತ್ತದೆ. ಕೆಲಸ ಎಂದಮೇಲೆ ಅದರಲ್ಲಿ ಪಾಸು, ಫೇಲು ಇರುತ್ತದೆ. ಅವಳ ಉತ್ತರ ಅವನ ಅಂಕಪಟ್ಟಿಯಾಗುತ್ತದೆ.

ಈ ಅಂಕಪಟ್ಟಿಯ ಭಯದ ಮೇಲೆ ಒಂದು ದೊಡ್ಡ ವ್ಯಾಪಾರವೇ ನಿಂತಿದೆ. ಹೈದರಾಬಾದಿನ ರೈಲ್ವೆ ಕಾಂಪೌಂಡುಗಳ ಮೇಲೆ, ನಮ್ಮ ಕಡೆಯ ಬಸ್ ನಿಲ್ದಾಣಗಳ ಮೂತ್ರಾಲಯಗಳ ಗೋಡೆಗಳ ಮೇಲೆ ಅಂಟಿಸಿರುವ ಗುಪ್ತರೋಗ, ನರದೌರ್ಬಲ್ಯದ ಜಾಹೀರಾತುಗಳನ್ನು ನೋಡಿ. ಎಲ್ಲವೂ ಗಂಡಸಿಗೆ ಹೇಳುತ್ತಿರುವುದು ಒಂದನ್ನೇ: ನಿನ್ನಲ್ಲಿ ಸಾಮರ್ಥ್ಯ ಸಾಲದು. ನಿನ್ನ ಹೆಂಡತಿಯನ್ನು ಕೇಳಿ ನೋಡು ಎಂದು ಬರೆದ ಒಂದು ಚೀಟಿಯನ್ನೂ ನಾನು ಕಂಡಿಲ್ಲ. ಕೇಳುವುದಕ್ಕೆ ದುಡ್ಡು ಬೇಕಾಗಿಲ್ಲವಲ್ಲ.

ಹೀಗೆ ಹೆದರಿದ ಗಂಡಸು ಕೊನೆಗೆ ಕೇಳುವ ಪ್ರಶ್ನೆ ಒಂದೇ. "ಆಯ್ತಾ?"

ಈ ಒಂದು ಪದದ ವ್ಯಾಕರಣ ನೋಡಿ. ಯಾರಿಗೆ ಎಂದಿಲ್ಲ, ಏನು ಎಂದಿಲ್ಲ. ಊಟ ಆಯ್ತಾ, ಕೆಲಸ ಆಯ್ತಾ, ಸ್ನಾನ ಆಯ್ತಾ ಎನ್ನುವ ಹಾಗೆ ಇದು ಮುಗಿಯಿತಾ ಎಂದು ಕೇಳುತ್ತದೆ. ಕೇಳುವ ಹೊತ್ತಿಗೆ ಅವನದು ಮುಗಿದಿರುತ್ತದೆ. ಇದಕ್ಕೆ ಇಲ್ಲ ಎಂದು ಉತ್ತರಿಸಿದರೆ ಮುಂದಿನ ವಾಕ್ಯ ಏನು ಎಂಬುದು ಇಬ್ಬರಿಗೂ ಗೊತ್ತಿಲ್ಲ. ಹಾಗಾಗಿ ಅವಳು "ಹೂಂ" ಎನ್ನುತ್ತಾಳೆ. ಕನ್ನಡದಲ್ಲಿ ಹೂಂ ಎಂದರೆ ಯಾವಾಗಲೂ ಹೌದು ಎಂದಲ್ಲ. ಕಥೆ ಕೇಳುವಾಗ ಹೂಂಗುಟ್ಟುತ್ತೇವೆ. ನಾನು ಇಲ್ಲಿದ್ದೇನೆ, ನೀನು ಮುಂದೆ ಹೇಳು ಎಂದು ಅದರ ಅರ್ಥ. ಬೈಗುಳ ತಿನ್ನುವಾಗಲೂ ಹೂಂ ಎನ್ನುತ್ತೇವೆ. ಸಾಕು, ಮುಗಿಸು ಎಂದು ಅದರ ಅರ್ಥ. ಹಾಸಿಗೆಯಲ್ಲಿನ ಹೂಂನಲ್ಲಿ ಈ ಎಲ್ಲವೂ ಇರುತ್ತದೆ. ಕೇಳಿಸಿಕೊಂಡವನು ಮಾತ್ರ ಅದನ್ನು ಹೌದು ಎಂದು ಬರೆದುಕೊಂಡು ನಿದ್ದೆ ಹೋಗುತ್ತಾನೆ.

ಹೆಣ್ಣಿನ ಮೈಯೇ ಹಾಗೆ, ನಿಧಾನ, ಗೋಜಲು ಎಂಬ ಸಮಜಾಯಿಷಿಯನ್ನು ನಾನೂ ಬಹಳ ದಿನ ನಂಬಿದ್ದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆ ನಂಬಿಕೆಯನ್ನು ಕೆಡಿಸಿತು. ಅಮೆರಿಕದ 52 ಸಾವಿರಕ್ಕೂ ಹೆಚ್ಚು ವಯಸ್ಕರ ಉತ್ತರಗಳು ಅದರಲ್ಲಿದ್ದವು. ಸಂಭೋಗದಲ್ಲಿ ಸಾಮಾನ್ಯವಾಗಿ ಅಥವಾ ಯಾವಾಗಲೂ ಪರಾಕಾಷ್ಠೆ ಮುಟ್ಟುತ್ತೇವೆ ಎಂದವರು ಹೆಣ್ಣಿನೊಂದಿಗಿರುವ ಗಂಡಸರಲ್ಲಿ ಶೇ. 95. ಗಂಡಿನೊಂದಿಗಿರುವ ಹೆಂಗಸರಲ್ಲಿ ಶೇ. 65. ಸಲಿಂಗಿ ಹೆಂಗಸರಲ್ಲಿ ಶೇ. 86. ಮೂರನೆಯ ಅಂಕಿಯೇ ನನ್ನನ್ನು ನಿಲ್ಲಿಸಿದ್ದು. ಅಂತರಕ್ಕೆ ಹೆಣ್ಣಿನ ಮೈಯೊಂದೇ ಕಾರಣವಾಗಿದ್ದರೆ ಎರಡು ಹೆಣ್ಣುಮೈಗಳು ಸೇರಿದ ಕಡೆ ಅದು ದೊಡ್ಡದಾಗಬೇಕಿತ್ತು, ಆಗಲಿಲ್ಲ. ಅಂದಮೇಲೆ ಅಂತರದ ಬಹುಪಾಲು ಇರುವುದು ಏನು ಮಾಡುತ್ತಾರೆ, ಎಷ್ಟು ಹೊತ್ತು ಮಾಡುತ್ತಾರೆ, ಬೇಕಾದ್ದನ್ನು ಹೇಳುತ್ತಾರೋ ಇಲ್ಲವೋ ಎಂಬುದರಲ್ಲಿ.

ಸುಳ್ಳಿನ ಲೆಕ್ಕವೂ ಇದೆ. ಅಮೆರಿಕದ ಕಾನ್ಸಾಸ್‌ನಲ್ಲಿ ವಿದ್ಯಾರ್ಥಿಗಳ ನಡುವೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸುಖ ಮುಟ್ಟಿದಂತೆ ಎಂದಾದರೂ ನಟಿಸಿದ್ದೇವೆ ಎಂದವರು ಹೆಂಗಸರಲ್ಲಿ ಅರ್ಧದಷ್ಟು. ಗಂಡಸರಲ್ಲೂ ಕಾಲು ಭಾಗದಷ್ಟು ಮಂದಿ ಇದ್ದರು, ಇದನ್ನು ಮರೆಯಬಾರದು. ಕಾರಣಗಳು ನಮಗೆಲ್ಲ ಅರ್ಥವಾಗುವಂಥವು: ಇವತ್ತು ಆಗುವ ಹಾಗೆ ಕಾಣುತ್ತಿಲ್ಲ, ಬೇಗ ಮುಗಿದರೆ ಸಾಕು, ಎದುರಿನವರಿಗೆ ಬೇಜಾರಾಗಬಾರದು. ನಮ್ಮ ದೇಶದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೆಂಗಸರಿಗೆ ನೂರಾರು ಪ್ರಶ್ನೆ ಕೇಳುತ್ತದೆ. ಗರ್ಭನಿರೋಧಕದ ಬಗ್ಗೆ, ಹೆರಿಗೆಯ ಬಗ್ಗೆ, ಹೊಡೆತದ ಬಗ್ಗೆ, ಗಂಡನಿಗೆ ಬೇಡ ಎನ್ನಬಲ್ಲಿರಾ ಎಂಬುದರ ಬಗ್ಗೆ. ನಿಮಗೆ ಸುಖವಿದೆಯೇ ಎಂದು ಕೇಳುವುದಿಲ್ಲ.

ಇಂದ್ರಿಯದ ಮಾತು ನಮ್ಮ ಸಂಸ್ಕೃತಿಯಲ್ಲ ಎನ್ನುವವರು ಸಿಗುತ್ತಾರೆ. ಚಂದ್ರರಾಜನೆಂಬ ಕವಿ ಕನ್ನಡದಲ್ಲಿ ಮದನತಿಲಕವೆಂಬ ಕಾಮಶಾಸ್ತ್ರವನ್ನು ಬರೆದದ್ದು 11ನೇ ಶತಮಾನದಲ್ಲಿ. ಅದಕ್ಕೂ ಬಹಳ ಹಿಂದೆ ವಾತ್ಸ್ಯಾಯನ ತನ್ನ ಕಾಮಸೂತ್ರದ ಎರಡನೆಯ ಅಧಿಕರಣದ ಆರಂಭದಲ್ಲೇ ನಮ್ಮ ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದಾನೆ. ಹೆಣ್ಣಿಗೆ ಗಂಡಿನ ಹಾಗೆ ಸುಖ ದಕ್ಕುತ್ತದೆಯೇ? ಇಲ್ಲ ಎನ್ನುತ್ತಾನೆ ಔದ್ದಾಲಕಿ. ಮೊದಲಿಂದ ಕೊನೆಯವರೆಗೂ ದಕ್ಕುತ್ತದೆ ಎನ್ನುತ್ತಾರೆ ಬಾಭ್ರವ್ಯನ ಕಡೆಯವರು. ಇಬ್ಬರೂ ಒಂದೇ ಜಾತಿಯ ಜೀವಿಗಳಾದ್ದರಿಂದ ಸುಖವೂ ಒಂದೇ ಬಗೆಯದು, ಆದ್ದರಿಂದ ಅವಳಿಗೆ ಮೊದಲು ಸುಖವಾಗುವಂತೆ ನಡೆದುಕೊಳ್ಳಬೇಕು ಎಂದು ವಾತ್ಸ್ಯಾಯನ ತೀರ್ಮಾನಿಸುತ್ತಾನೆ. ತೀರ್ಮಾನ ಒಳ್ಳೆಯದೇ. ಆದರೆ ಆ ವಾದದಲ್ಲಿ ಮಾತಾಡುವವರೆಲ್ಲ ಗಂಡಸರು. ಹೆಣ್ಣಿಗೆ ಏನಾಗುತ್ತದೆಂದು ತಿಳಿಯಲು ತರ್ಕ ಹೂಡುತ್ತಾರೆ, ಹೋಲಿಕೆ ಕೊಡುತ್ತಾರೆ. ಪಕ್ಕದಲ್ಲಿರುವವಳನ್ನು ಕೇಳಿದ ಹಾಗೆ ಕಾಣುವುದಿಲ್ಲ.

ಕೇಳುವುದಕ್ಕೆ ಕಾಯದೆ ತಾನೇ ಹೇಳಿದ ಒಬ್ಬಳ ಕಥೆ ತೆಲುಗಿನಲ್ಲಿದೆ. ಈ ಊರಿಗೆ ಬಂದಮೇಲೆ ನನಗೆ ಅದು ಸಿಕ್ಕಿತು. ಇಲ್ಲಿದ್ದುಕೊಂಡು ಸೂಸಿ ತಾರು ಮತ್ತು ಕೆ. ಲಲಿತಾ ಸಂಪಾದಿಸಿದ 'ವಿಮೆನ್ ರೈಟಿಂಗ್ ಇನ್ ಇಂಡಿಯಾ' ಗ್ರಂಥದ ಮೊದಲ ಸಂಪುಟ 1991ರಲ್ಲಿ ಬಂತು. ಅದರ ಆರಂಭದಲ್ಲೇ ಮುದ್ದುಪಳನಿ ಇದ್ದಾಳೆ. 18ನೇ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಗಣಿಕೆ ಆಕೆ. 'ರಾಧಿಕಾ ಸಾಂತ್ವನಮು' ಎಂಬ ಕಾವ್ಯ ಬರೆದಳು. ಅದರಲ್ಲಿ ರಾಧೆ ತಾನೇ ಸಾಕಿ ಬೆಳೆಸಿದ ಇಳೆಯನ್ನು ಕೃಷ್ಣನಿಗೆ ಮದುವೆ ಮಾಡಿಕೊಡುತ್ತಾಳೆ. ಹೊಸ ಹೆಣ್ಣಿಗೆ ಹೇಗಿರಬೇಕೆಂದು ಹೇಳಿಕೊಡುತ್ತಾಳೆ. ಕೃಷ್ಣನನ್ನೂ ಕೂರಿಸಿಕೊಂಡು, ಆ ಎಳೆಯ ಹುಡುಗಿಯೊಂದಿಗೆ ಎಷ್ಟು ಮೆತ್ತಗೆ ನಡೆದುಕೊಳ್ಳಬೇಕೆಂದು ಹೇಳುತ್ತಾಳೆ. ಆಮೇಲೆ ತನಗೇ ಹೊಟ್ಟೆಕಿಚ್ಚಾಗಿ ಕೃಷ್ಣನ ಮೇಲೆ ಸಿಟ್ಟಾಗುತ್ತಾಳೆ, ಅವನು ಸಮಾಧಾನ ಮಾಡಬೇಕಾಗುತ್ತದೆ. ಬೇಕು ಎನ್ನುವವಳೂ ಅವಳೇ, ಮುಂದೆ ಹೆಜ್ಜೆ ಇಡುವವಳೂ ಅವಳೇ.

ಆ ಕಾವ್ಯವನ್ನು ಪೂರ್ತಿಯಾಗಿ ಓದುಗರ ಕೈಗೆ ಕೊಟ್ಟಾಕೆ ನಮ್ಮ ನಂಜನಗೂಡಿನವರು. 1878ರಲ್ಲಿ ಅಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ಹಾಡುಗಾರ್ತಿ, ದೇವದಾಸಿ ಕುಟುಂಬದವರು. 1910ರಲ್ಲಿ ಮದ್ರಾಸಿನ ವಾವಿಳ್ಳ ಪ್ರಕಾಶನದ ಮೂಲಕ ಅದನ್ನು ಅಚ್ಚು ಮಾಡಿಸಿದರು. ಸಮಾಜ ಸುಧಾರಕ ಕಂದುಕೂರಿ ವೀರೇಶಲಿಂಗಂ ಅದಕ್ಕೂ ಮೊದಲೇ ಮುದ್ದುಪಳನಿಯನ್ನು ಖಂಡಿಸಿದ್ದರು. ಹೆಣ್ಣಾಗಿ ಇಂಥದ್ದನ್ನು ಬರೆಯುವುದೇ ಎಂಬುದು ಅವರ ಆಕ್ಷೇಪ. ನಾಗರತ್ನಮ್ಮ ಮುನ್ನುಡಿಯಲ್ಲಿ ಅವರಿಗೆ ನೇರವಾಗಿ ಉತ್ತರ ಕೊಟ್ಟರು. ನಾಚಿಕೆ ಹೆಂಗಸರಿಗೆ ಮಾತ್ರವೇ, ಗಂಡಸರು ಬರೆದ ಅಂಥವೇ ಕಾವ್ಯಗಳನ್ನು ತಾವು ಒಪ್ಪಿಕೊಂಡಿಲ್ಲವೇ ಎಂಬುದು ಆ ಉತ್ತರದ ತಿರುಳು. ಬ್ರಿಟಿಷ್ ಸರ್ಕಾರ 1911ರಲ್ಲಿ ಪುಸ್ತಕವನ್ನು ನಿಷೇಧಿಸಿತು. ತಂಗುಟೂರಿ ಪ್ರಕಾಶಂ ಮದ್ರಾಸ್ ಪ್ರಾಂತ್ಯದ ಸರ್ಕಾರವನ್ನು ನಡೆಸುತ್ತಿದ್ದ 1946–47ರ ಅವಧಿಯಲ್ಲಿ ನಿಷೇಧ ಹೋಯಿತು. ಮತ್ತೆ ಅಚ್ಚಾಗಿದ್ದು 1952ರಲ್ಲಿ. ಒಬ್ಬ ಹೆಣ್ಣು ತನಗೆ ಬೇಕಾದ್ದನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ತಗುಲಿದ ಬೆಲೆ ಇದು. ಗಂಡಸರ ಶೃಂಗಾರ ಕಾವ್ಯಗಳು ಅದೇ ಕಾಲದಲ್ಲಿ ಪಠ್ಯಗಳಾಗಿದ್ದವು.

ಮುದ್ದುಪಳನಿಯ ರಾಧೆ ಇಬ್ಬರಿಗೂ ಹೇಳಿಕೊಟ್ಟಳು ಎಂಬುದು ನನ್ನ ಮನಸ್ಸಿನಲ್ಲಿ ಉಳಿದ ಸಂಗತಿ. ಕನ್ನಡದಲ್ಲಿ ಡಾ. ಅನುಪಮಾ ನಿರಂಜನ ವೈದ್ಯೆಯಾಗಿ ಈ ವಿಷಯಗಳನ್ನು ಬರೆದ ಧೈರ್ಯ ದೊಡ್ಡದು. 'ದಾಂಪತ್ಯ ದೀಪಿಕೆ', 'ವಧುವಿಗೆ ಕಿವಿಮಾತು' ನಮ್ಮ ಎಷ್ಟೋ ಮನೆಗಳ ಕಪಾಟುಗಳಲ್ಲಿ, ಸೀರೆಗಳ ಅಡಿಯಲ್ಲಿ ಇದ್ದವು; ನಮ್ಮ ಮನೆಯಲ್ಲೂ ಇತ್ತು. ವಧುವಿಗೆ ಕಿವಿಮಾತು ಹೇಳುವ ರೂಢಿ ನಮ್ಮಲ್ಲಿ ಮೊದಲಿಂದಲೂ ಇದೆ. ನನ್ನ ಮದುವೆಯ ಹಿಂದಿನ ದಿನ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಎಲ್ಲರೂ ಏನೋ ಒಂದು ಹೇಳಿದರು, ಎಲ್ಲವೂ ಹೊಂದಿಕೊಂಡು ಹೋಗು ಎಂಬುದರ ಬೇರೆ ಬೇರೆ ರೂಪ. ವರನ ಕಿವಿಯಲ್ಲಿ ಯಾರು ಏನು ಹೇಳಿದರು ಎಂದು ನನ್ನ ಗಂಡನನ್ನು ಕೇಳಿದ್ದೇನೆ. ಗೆಳೆಯರು ಹೇಳಿದ ನಾಲ್ಕು ಪೋಲಿ ಜೋಕುಗಳು, ಫೋನಿನಲ್ಲಿ ನೋಡಿದ ವಿಡಿಯೊಗಳು. ಅಷ್ಟೇ ಅವನ ಪಾಠ.

ಈಗ ಅವನ ವಿಷಯಕ್ಕೆ ಬರುತ್ತೇನೆ. ಪ್ರಶ್ನಾವಳಿಯ ಕೆಲಸ ಮುಗಿದ ಕೆಲವು ದಿನಗಳ ಮೇಲೆ ಒಂದು ರಾತ್ರಿ ಅವನು "ಆಯ್ತಾ?" ಎಂದು ಕೇಳಿದ. ನಾನು "ಇಲ್ಲ" ಎಂದೆ. ಯೋಜನೆ ಹಾಕಿಕೊಂಡು ಹೇಳಿದ್ದಲ್ಲ, ಬಾಯಿಗೆ ಬಂತು. ಸ್ವಲ್ಪ ಹೊತ್ತಿನ ಮೇಲೆ ಅವನು, "ಹಾಗಾದ್ರೆ ಇಷ್ಟು ದಿನ?" ಎಂದ. ಅದಕ್ಕೂ ನಾನು ನಿಜವನ್ನೇ ಹೇಳಿದೆ. ಮುಂದಿನ ನಾಲ್ಕು ದಿನ ಮನೆಯಲ್ಲಿ ಹಾಲು, ಕರೆಂಟ್ ಬಿಲ್ಲು ಬಿಟ್ಟು ಬೇರೆ ಮಾತಿರಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎನ್ನುತ್ತದೆ ಗಾದೆ. ಮಲಗುವ ಕಡೆಯೇ ಹುಟ್ಟಿದ ಜಗಳಕ್ಕೆ ಆ ಗಾದೆಯಲ್ಲಿ ಮದ್ದಿಲ್ಲ.

ಐದನೆಯ ದಿನ ಅವನು ಹೇಳಿದ ಮಾತನ್ನು ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಸುಖ ಇರಲಿಲ್ಲ ಎಂಬುದಕ್ಕಿಂತ ಆರು ವರ್ಷ ತಾನೊಬ್ಬನೇ ಆ ಕೋಣೆಯಲ್ಲಿದ್ದೆ ಎಂದು ಗೊತ್ತಾದದ್ದು ಹೆಚ್ಚು ನೋವು ಕೊಟ್ಟಿತು ಎಂದ. ಆಮೇಲೆ ಇನ್ನೊಂದನ್ನೂ ಹೇಳಿದ. ಎಷ್ಟೋ ರಾತ್ರಿ ಅವನಿಗೂ ಬೇಡವಾಗಿತ್ತಂತೆ. ಆಫೀಸಿನಿಂದ ಸುಸ್ತಾಗಿ ಬಂದು ನಿದ್ದೆ ಮಾಡಿದರೆ ಸಾಕು ಎನ್ನಿಸುತ್ತಿತ್ತಂತೆ. ಗಂಡಸು ಬೇಡ ಅನ್ನಬಾರದು, ಹೆಂಡತಿ ಏನಂದುಕೊಂಡಾಳು ಎಂದು ಮುಂದುವರಿದಿದ್ದನಂತೆ. ಎಂದರೆ ಕೆಲವು ರಾತ್ರಿ ನಾವಿಬ್ಬರೂ ಬೇಡದ್ದನ್ನು, ಇನ್ನೊಬ್ಬರಿಗೆ ಬೇಕಿದೆ ಎಂದುಕೊಂಡು ಮಾಡಿ ಮುಗಿಸಿದ್ದೆವು.

ಅವನ ನೋವಿಗೆ ಅರ್ಥವಿದೆ. ಸುಳ್ಳು ಹೇಳಿಸಿಕೊಂಡವನಿಗೆ ತಿದ್ದಿಕೊಳ್ಳುವ ಅವಕಾಶವೇ ಸಿಗುವುದಿಲ್ಲ. ತಪ್ಪು ದಾರಿಯಲ್ಲಿ ಹೋಗುತ್ತಿರುವವನಿಗೆ ಪ್ರತಿ ತಿರುವಿನಲ್ಲೂ ಸರಿ ಎಂದು ಹೇಳಿದರೆ ಅವನು ಇನ್ನಷ್ಟು ದೂರ ಹೋಗುತ್ತಾನೆ. ನನ್ನ ಪ್ರತಿ ಹೂಂ ಕೂಡ ಅವನಿಗೆ ಇದೇ ಸರಿಯಾದ ದಾರಿ ಎಂದು ಕಲಿಸುತ್ತಿತ್ತು. ಇದರಲ್ಲಿ ನನ್ನ ಪಾಲಿದೆ, ಒಪ್ಪುತ್ತೇನೆ.

ಹಾಗೆಂದು ಸಮಸ್ಯೆಗೆ ಮದ್ದು "ಹೆಂಗಸರೇ, ನಿಜ ಹೇಳಿ" ಎಂಬ ಉಪದೇಶ ಎನ್ನುವುದನ್ನು ನಾನು ಒಪ್ಪಲಾರೆ. ನಿಜ ಹೇಳಲು ಎಲ್ಲರಿಗೂ ಒಂದೇ ಖರ್ಚು ತಗುಲುವುದಿಲ್ಲ. ನನಗೆ ತಗುಲಿದ್ದು ನಾಲ್ಕು ದಿನದ ಮೌನ. ಎಲ್ಲರಿಗೂ ಅಷ್ಟಕ್ಕೆ ಮುಗಿಯುತ್ತದೆಯೇ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು ಕರ್ನಾಟಕದಲ್ಲಿ ಶೇ. 44, ತೆಲಂಗಾಣದಲ್ಲಿ ಶೇ. 37. ಅದೇ ಸಮೀಕ್ಷೆಯಲ್ಲಿ ದೇಶದ ಶೇ. 82ರಷ್ಟು ಹೆಂಗಸರು ತಮಗೆ ಬೇಡವಾದಾಗ ಗಂಡನಿಗೆ ಬೇಡ ಎನ್ನಬಲ್ಲೆವು ಎಂದಿದ್ದಾರೆ. ಒಳ್ಳೆಯ ಅಂಕಿಯೇ, ಉಳಿದ 18ರ ಬಗ್ಗೆ ಯೋಚಿಸಿ. ಗಂಡನಿಗೆ ಲೈಂಗಿಕ ರೋಗವಿದ್ದರೆ, ಅವನು ಬೇರೆ ಹೆಣ್ಣುಗಳ ಸಹವಾಸ ಮಾಡಿದ್ದರೆ, ಅವಳಿಗೆ ಸುಸ್ತಾಗಿದ್ದರೆ ಅಥವಾ ಮನಸ್ಸಿಲ್ಲದಿದ್ದರೆ, ಈ ಮೂರೂ ಸಂದರ್ಭದಲ್ಲಿ ಹೆಂಡತಿ ನಿರಾಕರಿಸುವುದು ಸರಿ ಎಂದ ಗಂಡಸರು ಶೇ. 66 ಮಾತ್ರ.

ಕಾನೂನು ಕೂಡ ಮದುವೆಯೊಳಗಿನ ಹೂಂ ಅನ್ನು ಕೇಳದೆಯೇ ಬರೆದುಕೊಂಡಿದೆ. ಹೆಂಡತಿಗೆ 18 ವರ್ಷ ತುಂಬಿದ್ದರೆ ಗಂಡ ನಡೆಸುವ ಸಂಭೋಗ ಅತ್ಯಾಚಾರವಲ್ಲ ಎಂಬ ವಿನಾಯಿತಿ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್ನಿನಲ್ಲಿಯೂ ಉಳಿದುಕೊಂಡಿತು. 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಗಂಡನೊಬ್ಬನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದು ಮಾಡಲು ಒಪ್ಪಲಿಲ್ಲ. ಅದೇ ವರ್ಷ ಆ ವಿಚಾರಣೆಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಬೇಡ ಎನ್ನುವ ಮಾತಿಗೆ ಕಾನೂನಿನಲ್ಲೇ ಬೆಲೆ ಇಲ್ಲದ ಕಡೆ ಸುಖವಾಗಲಿಲ್ಲ ಎಂಬ ಮಾತಿಗೆ ಎಲ್ಲಿಯ ಬೆಲೆ? ಹೊಡೆತದ ಭಯವಿರುವ ಮನೆಯಲ್ಲಿ ಹೂಂ ಎಂಬುದು ಹೆಂಗಸಿನ ಗುರಾಣಿ. ಪ್ರಾಮಾಣಿಕತೆಯ ಹೆಸರಿನಲ್ಲಿ ಅದನ್ನು ಕೆಳಗಿಡು ಎಂದು ಹೇಳುವ ಹಕ್ಕು ನನಗಿಲ್ಲ, ಬೇರೆ ಯಾರಿಗೂ ಇಲ್ಲ.

ಭಯವಿಲ್ಲದ ಮನೆಗಳ ಬಗ್ಗೆ ಮಾತ್ರ ನಾನು ಮಾತಾಡಬಲ್ಲೆ. ಅಂಥ ಮನೆಗಳಲ್ಲಿ ಪ್ರಾಮಾಣಿಕತೆಯ ಮೊದಲ ಹೊಣೆ ಕೇಳುವವನ ಮೇಲಿದೆ ಎಂಬುದು ನನ್ನ ವಾದ. ಒಂದೇ ಉತ್ತರಕ್ಕೆ ಜಾಗವಿರುವ ಪ್ರಶ್ನೆ ಕೇಳಿ, ಆ ಉತ್ತರ ಸುಳ್ಳಾಗಿತ್ತು ಎಂದು ಆಮೇಲೆ ದೂರುವುದು ನ್ಯಾಯವಲ್ಲ. "ಆಯ್ತಾ?" ಎಂಬುದು ಅಂಥ ಪ್ರಶ್ನೆ. ಇಲ್ಲ ಎಂದು ಕೇಳಿಸಿಕೊಂಡ ಮೇಲೂ ಮುಖ ಸಣ್ಣದು ಮಾಡಿಕೊಳ್ಳದೆ ಇರಬಲ್ಲೆ ಎಂಬುದನ್ನು ಕೇಳುವವನು ಮೊದಲು ತೋರಿಸಬೇಕು. ಅದನ್ನು ಹಾಸಿಗೆಯಲ್ಲಿ ತೋರಿಸುವುದು ಕಷ್ಟ. ಹಗಲು ಹೊತ್ತು, ಬಟ್ಟೆ ಮಡಿಸುತ್ತಲೋ ತರಕಾರಿ ಹೆಚ್ಚುತ್ತಲೋ ಮಾತಾಡುವುದು ಸುಲಭ. ನಾವು ಈಗ ಹಾಗೆ ಮಾಡುತ್ತೇವೆ. ಯಾವುದು ಇಷ್ಟ, ಯಾವುದು ಇಷ್ಟವಿಲ್ಲ, ಯಾವುದಕ್ಕೆ ಇನ್ನೂ ಹೊತ್ತು ಬೇಕು. ಅರ್ಧ ಮಾತಿಗೆ ನಗು ಬಂದು ನಿಲ್ಲುತ್ತದೆ. ಪದಗಳೇ ಸಿಗುವುದಿಲ್ಲ. ಇಲ್ಲಿನ ತೆಲುಗು ಪತ್ರಿಕೆಗಳ ವೈದ್ಯರ ಅಂಕಣಗಳಲ್ಲಿ ಭಾವಪ್ರಾಪ್ತಿ ಎಂಬ ಪದವಿದೆ. ಕನ್ನಡದಲ್ಲಿ ನಾವು ಪರಾಕಾಷ್ಠೆ ಎಂದು ಬರೆಯುತ್ತೇವೆ. ಎರಡನ್ನೂ ಗಂಡನ ಮುಂದೆ ನಗದೆ ಹೇಳಲು ನನಗಿನ್ನೂ ಬಂದಿಲ್ಲ. ಹಾಗಾಗಿ "ಅಲ್ಲಿ", "ಇನ್ನೂ ಮೆತ್ತಗೆ", "ಇವತ್ತು ಬೇಡ" ಇವುಗಳಲ್ಲೇ ನಡೆಯುತ್ತಿದೆ. ಸಾಕಾಗುತ್ತದೆ. ಇವತ್ತು ಬೇಡ ಎಂಬುದನ್ನು ಈಗ ಅವನೂ ಹೇಳುತ್ತಾನೆ.

ಎಲ್ಲ ಸರಿಹೋಯಿತೆಂದು ಬರೆದರೆ ಅದು ಇನ್ನೊಂದು ಹೂಂ ಆಗುತ್ತದೆ. ಕೆಲವು ಸಲ ಹಳೆಯ ಅಭ್ಯಾಸದಂತೆ ಅವನು ಕೇಳುತ್ತಾನೆ, ಹಳೆಯ ಅಭ್ಯಾಸದಂತೆ ನಾನು ಉತ್ತರಿಸುತ್ತೇನೆ, ಆಮೇಲೆ ಇಬ್ಬರಿಗೂ ಅನುಮಾನ. ಹಿಂದಿನ ಆರು ವರ್ಷದಲ್ಲಿ ಯಾವುದು ನಿಜ ಎಂಬ ಪ್ರಶ್ನೆ ಅವನ ಮನಸ್ಸಿನಿಂದ ಹೋಗಿಲ್ಲ. ಈ ಲೇಖನವನ್ನು ಕಳಿಸುವ ಮೊದಲು ಅವನಿಗೆ ಓದಲು ಕೊಟ್ಟೆ. ಒಂದು ವಾಕ್ಯ ತೆಗೆ ಎಂದ, ತೆಗೆದಿದ್ದೇನೆ.

ಪ್ರಶ್ನಾವಳಿ ಏನಾಯಿತು ಎಂದು ಹೇಳಿ ಮುಗಿಸುತ್ತೇನೆ. ತೃಪ್ತಿಯ ಬದಲು ಸುಖ ಎಂದು ಬರೆಯೋಣ, ಅಥವಾ ನಿಮಗೆ ಸುಖವಾಗುತ್ತದೆಯೇ ಎಂಬ ಪ್ರಶ್ನೆಯನ್ನು ಬೇರೆಯಾಗಿ ಸೇರಿಸೋಣ ಎಂದು ಕೇಳಿದೆ. ಜಗತ್ತಿನಾದ್ಯಂತ ಒಂದೇ ರೂಪದಲ್ಲಿ ಬಳಸುವ ಅಳತೆ, ಪ್ರಶ್ನೆ ಸೇರಿಸಿದರೆ ಬೇರೆ ದೇಶಗಳ ಫಲಿತಾಂಶಕ್ಕೆ ಹೋಲಿಸಲಾಗುವುದಿಲ್ಲ ಎಂಬ ಉತ್ತರ ಬಂತು. ಅವರ ದೃಷ್ಟಿಯಲ್ಲಿ ಅದು ಸರಿ. ತೃಪ್ತಿಯೇ ಉಳಿಯಿತು. ಅನುವಾದಕರ ಟಿಪ್ಪಣಿಯ ಕಾಲಂನಲ್ಲಿ ಆ ಹೆಂಗಸಿನ ಮಾತನ್ನು ಇದ್ದ ಹಾಗೇ ಬರೆದು ಕಳಿಸಿದೆ. ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಹುಷಾರಿಲ್ಲದಾಗ ಆ ಕಡೆ ತಿರುಗಿ ಮಲಗುತ್ತಾನೆ, ಆದ್ದರಿಂದ ಐದು. ಈ ಐದರ ಅರ್ಥ ಇದು ಎಂದು ಫಲಿತಾಂಶ ಓದುವವರು ತಿಳಿದಿರಲಿ ಎಂದು ಕೆಳಗೆ ಸೇರಿಸಿದೆ.

ಅವರು ಅವತ್ತು ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದ್ದು ನೆನಪಿದೆ. "ನೀವ್ ಎಷ್ಟ್ ಬರದ್ರಿ ಅಕ್ಕಾರ?" ಆಗಿನ್ನೂ ನಾನು ಏನೂ ಬರೆದಿರಲಿಲ್ಲ. ಈಗ ಕೇಳಿದರೆ ಎರಡು ಎನ್ನುತ್ತೇನೆ, ಕೆಲವು ವಾರ ಮೂರು. ಹಿಂದಿನ ನಾಲ್ಕಕ್ಕಿಂತ ಈ ಎರಡರ ಮೇಲೆ ನನಗೆ ಹೆಚ್ಚು ನಂಬಿಕೆಯಿದೆ.